ಲಾಂಡ್ರಿ ಕಿಟಕಿಯ ಮಖಮಲ್ ಗಿಡ

ಆ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆಳು ನೋಡಿದರೆ ದೊಡ್ಡದೇನಲ್ಲ. ಕೊಳೆ ಬಟ್ಟೆಯ ಗಾಡಿ ತಳ್ಳಿಕೊಂಡು ಬರುವಾಗ ಎದುರಿನವರಿಗೆ ಗಾಡಿಯೊಂದೇ ಕಾಣಿಸಿ, ಇದೇನಪ್ಪಾ ತಾನಾಗಿಯೇ ಬರುತ್ತಿದೆ ಎಂದು ಪಕ್ಕಕ್ಕೆ ಸರಿಯುವಷ್ಟು ಗಿಡ್ಡ. ಆದರೆ ಲಾಂಡ್ರಿಯೊಳಗೆ ಅವಳ ಮಾತೇ ಕೊನೆ. ರಕ್ತದ ಕಲೆಗೆ ಮೊದಲು ತಣ್ಣೀರು, ಆಮೇಲೆ ಸೋಪು. ಬಿಸಿನೀರು ಸೋಕಿಸಿದವರು ಅವಳ ಬಾಯಿಗೆ ಬಿದ್ದಂತೆಯೇ. ಮಡಿಸಿದ ಹಾಸಿಗೆ ಬಟ್ಟೆಯ ಅಂಚು ಒಂದು ಬೆರಳು ಆಚೀಚೆಯಾದರೂ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ದೊಡ್ಡ ಡಾಕ್ಟರು ಕೂಡ ಶಾಯಿ ಕಾರಿದ ಕೋಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಂದು, “ದೊಡ್ಡಕ್ಕ, ಇದೊಂದು ಸ್ವಲ್ಪ…” ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಮನೆಯಲ್ಲಿ ಅವಳು ಬರೀ ಅಕ್ಕ. ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ತಂಗಿಗೆ ಏಳು. ತಂದೆ ಅದಕ್ಕೂ ಮುಂಚೆಯೇ ಇನ್ನೊಂದು ಸಂಸಾರ ಕಟ್ಟಿಕೊಂಡು ಹೋಗಿದ್ದ. ತಂಗಿಗೆ ಜಡೆ ಹಾಕಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದು, ಶಾಲೆಯ ಅಂಕಪಟ್ಟಿಗೆ ಪೋಷಕರ ಜಾಗದಲ್ಲಿ ಸಹಿ ಹಾಕಿದ್ದು ಎಲ್ಲ ಇವಳೇ. ಆಗ ಪುಟ್ಟಿ ಎಂದು ಕರೆದದ್ದು ನಲವತ್ತಾದರೂ ಹಾಗೆಯೇ ಉಳಿದುಕೊಂಡಿತು. ಪುಟ್ಟಿ ಓದಿದಳು, ವಿಮಾ ಕಚೇರಿಯಲ್ಲಿ ಗುಮಾಸ್ತೆಯಾದಳು, ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿ ನೆಲಮಹಡಿಯ ಮನೆ ಮಾಡಿದಳು. ಗಂಡ ಔಷಧ ಕಂಪನಿಯ ಪ್ರತಿನಿಧಿ, ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಅಲೆಯುವವನು. ಮಕ್ಕಳಿರಲಿಲ್ಲ. ದೊಡ್ಡಕ್ಕನಿಗೂ ಎರಡು ಸಲ ಮದುವೆಯ ಮಾತು ಬಂದಿತ್ತು. ತಂಗಿಯದು ಒಂದು ದಡ ಸೇರಲಿ ಎಂದು ಅವಳೇ ಮುಂದೆ ಹಾಕಿದಳು. ಮುಂದೆ ಹಾಕಿದ್ದು ಮುಂದೆಯೇ ಹೋಯಿತು.

ಮಖಮಲ್ ಗಿಡ ಅವಳ ಕೈ ಸೇರಿದ್ದು ನಲವತ್ತನೇ ವಯಸ್ಸಿನಲ್ಲಿ, ಗಂಡಸರ ವಾರ್ಡಿನಿಂದ.

ಅಲ್ಲಿ ಒಬ್ಬ ಮುದುಕ ಮಲಗಿದ್ದ. ಜೀವಮಾನವೆಲ್ಲ ಒಂದು ಸರ್ಕಾರಿ ತೋಟದ ಗಾಜಿನ ಮನೆಯಲ್ಲಿ ಮಾಲಿಯಾಗಿ ದುಡಿದವನು. ಅವನ ದಿಂಬಿನ ಚೀಲ ದಿನವೂ ಒದ್ದೆಯಾಗಿಯೇ ಲಾಂಡ್ರಿಗೆ ಬರುತ್ತಿತ್ತು. ನರ್ಸುಗಳು ಬೆವರು ಎಂದರು. ದೊಡ್ಡಕ್ಕ ಮೂಸಿ ನೋಡಿದಳು. ಬೆವರಿಗೆ ಮಣ್ಣಿನ ವಾಸನೆ ಎಲ್ಲಿಂದ ಬರಬೇಕು? ತಾನೇ ವಾರ್ಡಿಗೆ ಹೋಗಿ ದಿಂಬು ಎತ್ತಿದಳು. ಒದ್ದೆ ಟವೆಲ್ಲಿನಲ್ಲಿ ಸುತ್ತಿದ ಒಂದು ಗೇಣು ಕಾಂಡ, ಅದರ ತುದಿಯಲ್ಲಿ ಸುರುಳಿ ಸುತ್ತಿಕೊಂಡ ಒಂದು ಕೆಂಚು ಎಲೆ.

“ಎತ್ಕೊಂಡು ಹೋಗ್ಬೇಡ ತಾಯಿ,” ಎಂದ ಮುದುಕ. ಎರಡೂ ಕೈಗಳನ್ನು ಅದರ ಮೇಲೆ ಮುಚ್ಚಿಬಿಟ್ಟಿದ್ದ. “ಗಾಜಿನ ಮನೆ ಕೆಡವಿಬಿಟ್ರು. ಉಳಿದಿದ್ದು ಇದೊಂದೇ.”

“ಏನಜ್ಜ ಇದು? ಔಷಧಿನಾ?”

“ಔಷಧಿನೂ ಇಲ್ಲ, ಮಣ್ಣೂ ಇಲ್ಲ. ಎಲೆ ಕಣಮ್ಮ. ಮಳೆಕಾಡಿಂದು. ದೊಡ್ಡ ಮರಗಳ ಕೆಳಗೆ, ಬಿಸಿಲೇ ಕಾಣದ ಜಾಗದಲ್ಲಿ ಬೆಳೆಯೋದು. ದೊಡ್ಡದಾದ ಮೇಲೆ ನೋಡು, ಮಖಮಲ್ಲು. ಮುಟ್ಟಿದ್ರೆ ಕರುವಿನ ಕಿವಿ ಮುಟ್ಟಿದ ಹಾಗಿರುತ್ತೆ.”

“ನರ್ಸಮ್ಮ ನೋಡಿದ್ರೆ ಕಸದ ಬುಟ್ಟಿಗೆ ಹಾಕ್ತಾರೆ. ನಾನು ಇಟ್ಕೊಂಡಿರ್ಲಾ? ಮನೆಗೆ ಹೋಗುವಾಗ ಕೊಡ್ತೀನಿ.”

ಮುದುಕ ಅವಳ ಕೈಗಳನ್ನು ನೋಡಿದ. ಸೋಪಿಗೆ ಸಿಕ್ಕು ಬಿಳಿಚಿಕೊಂಡ, ಉಗುರು ಸವೆದ ಕೈಗಳು. “ನಿನ್ನ ಕೋಣೇಲಿ ಹಬೆ ಇರುತ್ತಾ?”

“ಹಬೆ ಬಿಟ್ಟು ಬೇರೆ ಏನಿದೆ ಅಲ್ಲಿ!”

ಅವನು ಕೈ ತೆಗೆದ. ಅಂದಿನಿಂದ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಅವನ ಮಂಚದ ಪಕ್ಕ ಹತ್ತು ನಿಮಿಷ ಕೂತು ಪಾಠ ಹೇಳಿಸಿಕೊಂಡಳು. ಇದಕ್ಕೆ ತೋಟದ ಮಣ್ಣು ಆಗದು, ಉಸಿರು ಕಟ್ಟುತ್ತದೆ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಮರದ ತೊಗಟೆ ಬೆರೆಸಬೇಕು. ನೀರು ಹಾಕಿದ್ದು ಹಾಗೇ ಇಳಿದು ಹೋಗಬೇಕು, ಬೇರು ನೀರಿನಲ್ಲಿ ಕೂರಬಾರದು. ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ಹೂವು ಎಂದು ಒಂದು ಕಡ್ಡಿ ಹೊರಡುತ್ತದೆ, ಇಲಿ ಬಾಲದ ಹಾಗೆ. ಅದನ್ನು ಚಿವುಟಿದರೆ ಶಕ್ತಿ ಎಲೆಗೆ ಹೋಗುತ್ತದೆ. “ಎಲೇನ ಮಾತ್ರ ಒರೆಸ್ಬೇಡ,” ಎಂದಿದ್ದ ಮುದುಕ. “ಅದಕ್ಕೆ ನಾಚಿಕೆ ಜಾಸ್ತಿ. ಉಜ್ಜಿದ್ರೆ ಮುಖ ಬಾಡಿಸ್ಕೊಳ್ಳುತ್ತೆ.” ಐದನೇ ದಿನ ಬೆಳಗ್ಗೆ ಆ ಮಂಚಕ್ಕೆ ಪೂರ್ತಿ ಹೊಸ ಹಾಸಿಗೆ ಬಟ್ಟೆ ಬೇಕು ಎಂದು ವಾರ್ಡಿನಿಂದ ಚೀಟಿ ಬಂತು. ಮೂರು ತಿಂಗಳು ಕಾದರೂ ಗಿಡವನ್ನು ಕೇಳಿಕೊಂಡು ಅವನ ಕಡೆಯವರು ಯಾರೂ ಬರಲಿಲ್ಲ.

ಲಾಂಡ್ರಿಯ ಉತ್ತರದ ಗೋಡೆಯಲ್ಲಿ ಎತ್ತರದ ಒಂದು ಕಿಟಕಿ ಇತ್ತು. ವರ್ಷಗಟ್ಟಲೆ ಹಬೆ ಕುಡಿದು ಅದರ ಗಾಜು ಹಾಲಿನ ಬಣ್ಣಕ್ಕೆ ತಿರುಗಿತ್ತು. ಎಷ್ಟೇ ಪ್ರಖರ ಬಿಸಿಲಾದರೂ ಒಳಗೆ ಬರುವಾಗ ಸೋಸಿದ ಹಾಗೆ ತಣ್ಣಗೆ ಬರುತ್ತಿತ್ತು. ಒಗೆಯುವ ಡ್ರಮ್ಮುಗಳು ಒಂದು ಕಡೆ, ಹಾಸಿಗೆ ಬಟ್ಟೆಯನ್ನು ನುಂಗಿ ಇಸ್ತ್ರಿ ಮಾಡಿ ಉಗುಳುವ ಉದ್ದನೆಯ ರೋಲರ್ ಇನ್ನೊಂದು ಕಡೆ. ನಡುವೆ ಮೂರು ಹೊತ್ತೂ ಬೆಚ್ಚನೆಯ ತೇವ. ಮನುಷ್ಯರಿಗೆ ಮೈಯೆಲ್ಲ ಬೆವರು ಕಿತ್ತು ಬರುವ ಆ ಕೋಣೆ ಗಿಡಕ್ಕೆ ತವರಿನಂತಾಯಿತು. ಅವಳು ಬಕೆಟ್ಟಿನಲ್ಲಿ ನಲ್ಲಿ ನೀರು ಹಿಡಿದು ಒಂದು ದಿನ ಇಟ್ಟು, ಔಷಧಿ ವಾಸನೆ ಹಾರಿದ ಮೇಲೆ ಹಾಕುತ್ತಿದ್ದಳು. ಬೆರಳನ್ನು ಎರಡು ಗೆಣ್ಣು ಒಳಗಿಟ್ಟು ತೇವ ನೋಡುತ್ತಿದ್ದಳು. ಹೊಸ ಎಲೆ ತಾಮ್ರದ ಬಣ್ಣದಲ್ಲಿ, ನಾಯಿಮರಿಯ ಕಿವಿಯಂತೆ ಜೋತುಕೊಂಡು ಹೊರಡುವುದು. ತಿಂಗಳೊಳಗೆ ಗಟ್ಟಿಯಾಗಿ, ಕಡು ಹಸಿರಿಗೆ ತಿರುಗಿ, ಮೈತುಂಬ ಬೆಳ್ಳಿ ನರ ಎಳೆದುಕೊಳ್ಳುವುದು. ಒಂಬತ್ತು ವರ್ಷದಲ್ಲಿ ಒಂದೊಂದು ಎಲೆ ಊಟದ ತಟ್ಟೆಗಿಂತ ಅಗಲವಾಯಿತು. ಒಮ್ಮೆ ಗಾಡಿ ತಾಗಿ ಕಾಂಡ ಸೀಳಿದಾಗ ಇದ್ದಿಲ ಪುಡಿ ಮೆತ್ತಿ, ಆಪರೇಷನ್ ಕೋಣೆಯ ಹಳೆ ಬ್ಯಾಂಡೇಜು ಸುತ್ತಿ ಉಳಿಸಿಕೊಂಡಿದ್ದಳು. ಗಾಯ ಮಾಯ್ದ ಜಾಗ ಹೆಬ್ಬೆರಳಿನಂತೆ ಉಬ್ಬಿ ನಿಂತಿತ್ತು.

ವಾರ್ಡಿನವರು, ಅಡುಗೆ ಮನೆಯವರು, ಕೆಲವೊಮ್ಮೆ ರೋಗಿಗಳ ಕಡೆಯವರು ಬಂದು ನೋಡಿ ಹೋಗುತ್ತಿದ್ದರು. ಯಾರಾದರೂ ಎಲೆ ಮುಟ್ಟಲು ಕೈ ಚಾಚಿದರೆ ದೊಡ್ಡಕ್ಕ “ಹೂಂಹೂಂ, ನಾಚಿಕೆ ಅದಕ್ಕೆ” ಎನ್ನುತ್ತಿದ್ದಳು. ಪುಟ್ಟಿಗೆ ಮಾತ್ರ ಇದು ತಮಾಷೆ. “ಹೂವಿಲ್ಲ, ಹಣ್ಣಿಲ್ಲ, ಒಂದು ವಾಸನೆಯಾದ್ರೂ ಬೇಡ್ವಾ? ಒಂಬತ್ತು ವರ್ಷ ಸಾಕಿ ಏನು ಸಿಕ್ತು ಅಕ್ಕ? ಬರೀ ಎಲೆ!” ಎಂದು ನಗುತ್ತಿದ್ದಳು. ದೊಡ್ಡಕ್ಕನೂ ನಗುತ್ತಿದ್ದಳು. ನಕ್ಕು, ಆ ಮುದುಕನ ಕಥೆಯನ್ನು ಇನ್ನೊಮ್ಮೆ ಹೇಳುತ್ತಿದ್ದಳು. ಒದ್ದೆ ದಿಂಬು, ಟವೆಲ್ಲು, ಎರಡು ಕೈ ಮುಚ್ಚಿದ್ದು ಎಲ್ಲ ಪುಟ್ಟಿಗೆ ಬಾಯಿಪಾಠವಾಗಿತ್ತು.

ಹತ್ತನೇ ವರ್ಷ ಆಸ್ಪತ್ರೆಯವರು ಹಳೆಯ ಬಾಯ್ಲರ್ ತೆಗೆದು ಹೊಸದು ಕೂರಿಸಲು ಲಾಂಡ್ರಿಯನ್ನು ಎರಡು ತಿಂಗಳು ಮುಚ್ಚಿದರು. ಗೋಡೆ ಒಡೆಯುವ ಧೂಳು, ಹಬೆ ಬಂದ್. ಪಕ್ಕದ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಸುವ ಏರ್ಪಾಡಾಗಿ, ಅದರ ಮೇಲ್ವಿಚಾರಣೆಗೆ ದೊಡ್ಡಕ್ಕನನ್ನೇ ಕಳಿಸಿದರು. ಅವಳ ಬಾಡಿಗೆ ಕೋಣೆ ಮೂರನೇ ಮಹಡಿಯಲ್ಲಿ, ಮಧ್ಯಾಹ್ನ ಕಾದ ಹೆಂಚು. ಗಿಡವನ್ನು ಅಲ್ಲಿ ಬಿಟ್ಟು ಹೋಗುವ ಹಾಗಿರಲಿಲ್ಲ.

“ನಮ್ಮನೇಲಿ ಇಡು ಅಕ್ಕ,” ಎಂದಳು ಪುಟ್ಟಿ. “ಬಚ್ಚಲ ಪಕ್ಕದ ಕಿಟಕಿ ಹತ್ರ ತಂಪಾಗಿದೆ. ಅಷ್ಟೂ ಮಾಡದಿದ್ರೆ ನಾನು ಯಾತಕ್ಕಿರೋದು?”

ದೊಡ್ಡಕ್ಕ ಎರಡು ಪುಟ ತುಂಬ ಬರೆದುಕೊಟ್ಟಳು: ನೀರು ಯಾವಾಗ, ಎಷ್ಟು, ಬೆರಳಿಟ್ಟು ನೋಡುವುದು ಹೇಗೆ, ಎಲೆ ಹಳದಿಯಾದರೆ ಏನು ಅರ್ಥ. ಬಾಡಿಗೆ ವ್ಯಾನಿನಲ್ಲಿ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು, ಸುತ್ತ ಒದ್ದೆ ಹಾಸಿಗೆ ಬಟ್ಟೆ ಹೊದಿಸಿಕೊಂಡು ತಂದು ಇಳಿಸಿದಳು.

ಮೊದಲ ಮೂರು ವಾರ ಫೋನ್ ಮಾಡಿದಾಗಲೆಲ್ಲ ಪುಟ್ಟಿ ಚೆನ್ನಾಗಿದೆ ಎಂದಳು. ಹೊಸ ಎಲೆ ಬಿಡುತ್ತಿದೆ ಎಂದಳು. ಆಮೇಲೆ ಎರಡು ವಾರ ಫೋನ್ ಎತ್ತಲಿಲ್ಲ. ಆಮೇಲೆ ಒಂದು ಬೆಳಗ್ಗೆ ಅವಳೇ ಮಾಡಿದಳು. ಮಾತಿಗೆ ಮೊದಲೇ ಅಳು ಕೇಳಿಸಿತು.

“ಅಕ್ಕ, ಹೋಯ್ತು. ಬುಡ ಕೊಳೆತು ಹೋಯ್ತು. ನೀರು ಜಾಸ್ತಿ ಆಯ್ತೋ ಏನೋ. ವಾಸನೆ ತಡೆಯೋಕಾಗ್ದೆ ಎಸೆದುಬಿಟ್ಟೆ. ನನ್ನ ಕೈಗೆ ಕೊಟ್ಟಿದ್ದೇ ತಪ್ಪು ಅಕ್ಕ ನಿಂದು.”

ದೊಡ್ಡಕ್ಕ ಅಪರಿಚಿತ ಲಾಂಡ್ರಿಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಳು. ಆದರೆ ಆ ಕಡೆಯ ಬಿಕ್ಕಳಿಕೆ ನಿಲ್ಲುವ ಹಾಗೆ ಕಾಣಲಿಲ್ಲ. ತನ್ನದನ್ನು ನುಂಗಿಕೊಂಡು, “ಅಳ್ಬೇಡ ಪುಟ್ಟಿ. ಗಿಡ ತಾನೆ. ಜೀವ ಇರೋದು ಯಾವತ್ತೋ ಹೋಗ್ಲೇಬೇಕು. ನೀನು ಮೊದ್ಲು ಏನಾದ್ರೂ ತಿನ್ನು,” ಎಂದಳು.

ವಾಪಸ್ ಬಂದ ಮೇಲೂ ಸಮಾಧಾನ ಹೇಳುವುದು ನಿಲ್ಲಲಿಲ್ಲ. ಪುಟ್ಟಿ ಬಂದಾಗ ಗಿಡದ ಮಾತು ಯಾರಾದರೂ ಎತ್ತಿದರೆ ದೊಡ್ಡಕ್ಕ ಕಣ್ಸನ್ನೆ ಮಾಡಿ ತಡೆಯುತ್ತಿದ್ದಳು. ಪಾಪ, ಹುಡುಗಿ ನೊಂದುಕೊಳ್ಳುತ್ತಾಳೆ. ಆ ವರ್ಷ ಪುಟ್ಟಿ ಅವಳಿಗೆ ಒಂದು ಪಿಂಗಾಣಿ ಕುಂಡದಲ್ಲಿ ಪ್ಲಾಸ್ಟಿಕ್ ಗಿಡ ತಂದುಕೊಟ್ಟಳು. “ಇದಕ್ಕೆ ನಾಚಿಕೆ ಇಲ್ಲ ಅಕ್ಕ, ಎಷ್ಟು ಬೇಕಾದ್ರೂ ಒರೆಸ್ಬಹುದು,” ಎಂದು ನಗಿಸಿದಳು. ದೊಡ್ಡಕ್ಕ ಅದನ್ನು ಹಾಲು ಗಾಜಿನ ಕಿಟಕಿಯಲ್ಲೇ ಇಟ್ಟಳು. ವಾರಕ್ಕೊಮ್ಮೆ ಸೋಪು ಹಾಕಿ ತೊಳೆದಳು ಕೂಡ.

ಎರಡು ವರ್ಷ ಕಳೆಯಿತು. ಊರಿನಲ್ಲಿ ಮನೆಗಿಡ ಬೆಳೆಸುವವರ ಒಂದು ಸಂಘ ಇತ್ತು. ವರ್ಷಕ್ಕೊಮ್ಮೆ ಪ್ರದರ್ಶನ ಮಾಡುತ್ತಿದ್ದರು. ಅವರು ಯಾವಾಗಲೂ ಹಿಡಿಯುತ್ತಿದ್ದ ಸಭಾಂಗಣದ ಚಾವಣಿ ಸೋರಿದ್ದರಿಂದ ಆ ಸಲ ಕೊನೆ ಗಳಿಗೆಯಲ್ಲಿ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಹಾಲ್ ಕೇಳಿ ಪಡೆದರು. ಮೇಜಿಗೆ ಹೊದಿಸುವ ಬಿಳಿ ಬಟ್ಟೆ ಲಾಂಡ್ರಿಯಿಂದ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಯಾರೋ ಒಂದು ಮೇಜಿನ ಮೇಲೆ ಚಹಾ ಚೆಲ್ಲಿದರೆಂದು ಬದಲಿ ಬಟ್ಟೆ ಕೇಳಿದರು. ದೊಡ್ಡಕ್ಕ ತಾನೇ ಮಡಚಿದ್ದನ್ನು ತೋಳಿಗೆ ಹಾಕಿಕೊಂಡು ಹೋದಳು.

ಬಾಗಿಲಲ್ಲೇ ಅವಳ ಕಾಲು ನಿಂತಿತು. ಹಾಲ್ ನಡುವೆ, ಎತ್ತರದ ಪೀಠದ ಮೇಲೆ, ಹೊಳೆಯುವ ನೀಲಿ ಕುಂಡದಲ್ಲಿ ಮಖಮಲ್ ಗಿಡ. ಮೊದಲು ಅದೇ ಜಾತಿಯ ಬೇರೆ ಗಿಡ ಎಂದುಕೊಂಡಳು. ಹತ್ತಿರ ಹೋದಳು. ಕಾಂಡದಲ್ಲಿ ಹೆಬ್ಬೆರಳಿನಂತೆ ಉಬ್ಬಿದ ಗಾಯ. ಹೆತ್ತ ಮಗುವಿನ ಮಚ್ಚೆಯನ್ನು ಯಾರಾದರೂ ಮರೆಯುತ್ತಾರೆಯೇ? ಕುಂಡಕ್ಕೆ ಮೊದಲ ಬಹುಮಾನದ ರಿಬ್ಬನ್ ಕಟ್ಟಿತ್ತು. ಪಕ್ಕದಲ್ಲಿ ಒಂದು ಕಟ್ಟು ಕರಪತ್ರ: ‘ಮಖಮಲ್ ಗಿಡದ ಆರೈಕೆ’. ಒಂದನ್ನು ಎತ್ತಿಕೊಂಡಳು. ಅವಳು ಬರೆದುಕೊಟ್ಟ ಎರಡು ಪುಟಗಳೇ ಅಕ್ಷರಕ್ಕೆ ಅಕ್ಷರ ಅಚ್ಚಾಗಿದ್ದವು. ‘ಎಲೆಯನ್ನು ಒರೆಸಬೇಡಿ, ಅದಕ್ಕೆ ನಾಚಿಕೆ ಜಾಸ್ತಿ.’

ಅಷ್ಟರಲ್ಲಿ ವೇದಿಕೆಯ ಕಡೆಯಿಂದ ಗುರುತಿನ ದನಿ. ಪುಟ್ಟಿ ಮೈಕಿನ ಮುಂದೆ ನಿಂತಿದ್ದಳು. ಅಷ್ಟು ನೆಟ್ಟಗೆ, ಅಷ್ಟು ಗೆಲುವಾಗಿ ತಂಗಿ ನಿಂತದ್ದನ್ನು ದೊಡ್ಡಕ್ಕ ಎಂದೂ ನೋಡಿರಲಿಲ್ಲ.

“…ಆ ಅಜ್ಜನ ದಿಂಬು ದಿನಾ ಒದ್ದೆ ಇರೋದು. ಎಲ್ಲರೂ ಬೆವರು ಅಂತಿದ್ರು. ನನಗೆ ಮಾತ್ರ ಯಾಕೋ ಮಣ್ಣಿನ ವಾಸನೆ ಬಂತು. ದಿಂಬು ಎತ್ತಿ ನೋಡ್ತೀನಿ, ಟವೆಲ್ಲಲ್ಲಿ ಸುತ್ತಿದ ಒಂದು ಕಾಂಡ! ಅಜ್ಜ ನನ್ನ ಕೈ ನೋಡಿ ಹೇಳಿದ್ರು, ಈ ಕೈಗೆ ಕೊಡಬಹುದು ಅಂತ…”

ಇಲಿ ಬಾಲದ ಮಾತಿಗೆ ಜನ ನಕ್ಕರು. ಕೊನೆಗೆ ಜೋರಾಗಿ ಚಪ್ಪಾಳೆ ತಟ್ಟಿದರು. ದೊಡ್ಡಕ್ಕ ಚಹಾ ಚೆಲ್ಲಿದ ಮೇಜಿಗೆ ಹೋಗಿ, ಕೊಳೆ ಬಟ್ಟೆ ತೆಗೆದು, ಹೊಸದನ್ನು ಹಾಸಿ, ನಾಲ್ಕೂ ಅಂಚು ಸರಿ ಮಾಡಿದಳು. ತಲೆ ಎತ್ತಿದಾಗ ಪುಟ್ಟಿ ವೇದಿಕೆಯ ಮೆಟ್ಟಿಲ ಮೇಲಿಂದ ಅವಳನ್ನೇ ನೋಡುತ್ತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ದೊಡ್ಡಕ್ಕ ಕೊಳೆ ಬಟ್ಟೆಯನ್ನು ಎದೆಗೆ ಅವಚಿಕೊಂಡು ಹೊರಗೆ ಬಂದಳು.

ಮೂರನೇ ದಿನ, ಭಾನುವಾರ ಬೆಳಗ್ಗೆ, ತಂಗಿಯ ಮನೆಗೆ ಹೋದಳು. ಪುಟ್ಟಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಬಚ್ಚಲ ಪಕ್ಕದ ಕಿಟಕಿಯಲ್ಲಿ ಗಿಡ ಇರಲಿಲ್ಲ. ಕೇಳಿದರೆ, ಎರಡು ವರ್ಷದಿಂದಲೂ ಸಂಘದ ಅಧ್ಯಕ್ಷೆಯ ಮನೆಯಲ್ಲೇ ಇಟ್ಟಿದ್ದಾರಂತೆ, ಅಲ್ಲಿ ಒಂದು ಗಾಜಿನ ಕೋಣೆ ಇದೆಯಂತೆ.

“ಎಲ್ಲಾ ಸುಳ್ಳಾ ಪುಟ್ಟಿ?” ಎಂದಳು ದೊಡ್ಡಕ್ಕ. “ಕೊಳೆತಿದ್ದೂ ಸುಳ್ಳು, ವಾಸನೆ ಬಂದಿದ್ದೂ ಸುಳ್ಳು?”

ಪುಟ್ಟಿ ಮೇಜಿನ ಅಂಚು ಕೆರೆಯುತ್ತ ಕೂತಳು. “ಎದುರು ಮನೆಯವರು ಕಿಟಕೀಲಿ ನೋಡಿದ್ರು ಅಕ್ಕ. ಸಂಘಕ್ಕೆ ತಗೊಂಡು ಬನ್ನಿ ಅಂದ್ರು. ಅಲ್ಲಿ ಎಲ್ಲರೂ ಸುತ್ತ ನಿಂತು, ಯಾರು ಬೆಳೆಸಿದ್ದು ಅಂತ ಕೇಳಿದ್ರು. ನಾನು ಅಂತ ಬಾಯಿಗೆ ಬಂದುಬಿಡ್ತು. ಒಂದೇ ಮಾತು. ಆಮೇಲೆ ಅದನ್ನ ವಾಪಸ್ ನುಂಗೋಕೆ ಆಗ್ಲಿಲ್ಲ.”

“ಎರಡು ವರ್ಷ ಆಗ್ಲಿಲ್ವಾ?”

“ಈ ಮನೇಲಿ ಗೋಡೆ ಜೊತೆ ಮಾತಾಡ್ಕೊಂಡು ಇದ್ದೆ ನಾನು. ಅಲ್ಲಿ ನನಗೆ ಕುರ್ಚಿ ಹಾಕ್ತಾರೆ, ಮೇಡಂ ಅಂತಾರೆ. ನಿನಗೆ ಆಸ್ಪತ್ರೆ ತುಂಬ ಜನ. ನೀನು ಅದನ್ನ ಆ ಹಬೆ ಕೋಣೇಲಿ ಇಟ್ಕೊಂಡು ಯಾರಿಗೆ ತೋರಿಸ್ತಿದ್ದೆ ಹೇಳು?”

“ಕೇಳಿದ್ರೆ ಕೊಡ್ತಿರ್ಲಿಲ್ವೇನೇ ನಾನು? ಯಾವತ್ತು ಏನು ಇಲ್ಲ ಅಂದಿದೀನಿ ನಿನಗೆ?”

“ಅದೇ ಅಕ್ಕ!” ಪುಟ್ಟಿ ದನಿ ಏರಿಸಿದಳು. “ಎಲ್ಲಾ ನೀನು ಕೊಟ್ಟಿದ್ದೇ. ಹುಟ್ಟಿದಾಗಿಂದ ನೀನು ಕೊಟ್ಟಿದ್ದು, ನಾನು ತಗೊಂಡಿದ್ದು. ಒಂದಾದ್ರೂ ನಂದು ಅಂತ ಬೇಡ್ವಾ?”

ದೊಡ್ಡಕ್ಕ ಕೇಳಿದಳು: “ಗಿಡ ಹೋಗ್ಲಿ. ಆ ಅಜ್ಜನ ಮುಖ ನೀನು ನೋಡಿದೀಯಾ? ದಿಂಬು ಎತ್ತಿದ ಕೈ ಯಾರದು? ಅದನ್ನೂ ತಗೊಂಡೆಯಲ್ಲೇ. ಫೋನಲ್ಲಿ ಅತ್ತೆ. ನಾನು ಅಲ್ಲಿ ನಿಂತು ನಿನಗೆ ಸಮಾಧಾನ ಹೇಳ್ದೆ, ತಿನ್ನು ಅಂತ ಹೇಳ್ದೆ.”

“ಅಳು ನಿಜವಾಗ್ಲೂ ಬಂತು ಅಕ್ಕ. ಸುಳ್ಳು ಹೇಳ್ತಾ ಹೇಳ್ತಾ ನಿಜವಾಗ್ಲೂ ಬಂತು.”

ದೊಡ್ಡಕ್ಕ ಎದ್ದು ನಿಂತು ಒಂದೇ ಬೇಡಿಕೆ ಇಟ್ಟಳು. ಗಿಡ ಎಲ್ಲಾದರೂ ಇರಲಿ, ಸಂಘದವರಿಗೆ ನಿಜ ಹೇಳಬೇಕು. ಪುಟ್ಟಿ ಅವಳ ಕೈ ಹಿಡಿದುಕೊಂಡು, ಬರುವ ತಿಂಗಳ ಪತ್ರಿಕೆಯಲ್ಲಿ ತಾನೇ ಬರೆದು ಹಾಕಿಸುತ್ತೇನೆ ಎಂದು ಮಾತು ಕೊಟ್ಟಳು. ಇಷ್ಟೆಲ್ಲ ಆದ ಮೇಲೂ ದೊಡ್ಡಕ್ಕ ಆ ಮಾತನ್ನು ನಂಬಿದಳು. ಬಸ್ಸಿನಲ್ಲಿ ವಾಪಸ್ ಬರುವಾಗ, ಹೇಗೆ ಬರೆಯುತ್ತಾಳೋ, ಎಲ್ಲರ ಮುಂದೆ ಎಷ್ಟು ಅವಮಾನವಾಗುತ್ತದೋ ಎಂದು ತಂಗಿಯ ಬಗ್ಗೆಯೇ ಮರುಗಿದಳು.

ಸಂಘದ ಪತ್ರಿಕೆ ನಾಲ್ಕು ಪುಟದ್ದು. ಹಾಲ್ ಕೊಟ್ಟ ಉಪಕಾರಕ್ಕೆ ನರ್ಸಿಂಗ್ ಶಾಲೆಗೂ ಒಂದು ಪ್ರತಿ ಬಂತು. ಅಲ್ಲಿನ ಶಿಕ್ಷಕಿ ತಂದು ತೋರಿಸಿದಳು: “ದೊಡ್ಡಕ್ಕ, ಇದು ನಿಮ್ಮ ತಂಗಿ ಅಲ್ವಾ? ನಿಮ್ಮ ವಿಷಯಾನೂ ಇದೆ ನೋಡಿ.” ಗಿಡದ ಚಿತ್ರದ ಕೆಳಗೆ ಪುಟ್ಟಿಯ ಬರಹ. ಅದೇ ಅಜ್ಜ, ಅದೇ ದಿಂಬು, ಅದೇ ‘ನಾನು’. ಕೊನೆಯಲ್ಲಿ ಒಂದು ಸಾಲು: ‘ಗಿಡ ಎಳೆಯದಾಗಿದ್ದಾಗ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ನನ್ನ ಅಕ್ಕ ಕೆಲವು ದಿನ ನೀರು ಹಾಕಿ ನೆರವಾದದ್ದನ್ನು ಪ್ರೀತಿಯಿಂದ ನೆನೆಯುತ್ತೇನೆ.’

ಅವಳು ಆ ಸಾಲನ್ನು ಮೂರು ಸಲ ಓದಿದಳು. ಪ್ರದರ್ಶನದಲ್ಲಿ ಕೇಳಿದ್ದು ಇಷ್ಟು ಚುಚ್ಚಿರಲಿಲ್ಲ. ಆಗ ಬಾಯಿ ತಪ್ಪಿ ಬಂದ ಸುಳ್ಳಿಗೆ ಸಿಕ್ಕಿಬಿದ್ದ ತಂಗಿ ಇದ್ದಳು. ಇದನ್ನು ಬರೆದವಳು ಮೇಜಿನ ಮುಂದೆ ಕೂತು, ಯೋಚಿಸಿ, ಅಕ್ಕನಿಗೆ ಎಷ್ಟು ಜಾಗ ಕೊಟ್ಟರೆ ಸಾಕು ಎಂದು ಅಳೆದು ಬರೆದಿದ್ದಳು. ಆ ದಿನ ದೊಡ್ಡಕ್ಕ ರೋಲರಿಗೆ ಹಾಸಿಗೆ ಬಟ್ಟೆ ಕೊಡುವಾಗ ಬೆರಳು ಸುಟ್ಟುಕೊಂಡಳು. ಅಷ್ಟು ವರ್ಷದಲ್ಲಿ ಅದೇ ಮೊದಲು.

ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲೂ ಹೆಡ್ ಮೇಡಂ. ವಿಳಾಸ ಪತ್ರಿಕೆಯಲ್ಲೇ ಇತ್ತು. ಮುಂದಿನ ರಜೆಯ ದಿನ ಸಂಜೆ ದೊಡ್ಡಕ್ಕ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿ ಗಂಟೆ ಒತ್ತಿದಳು. ಆದರೆ ತಾನು ಪುಟ್ಟಿಯ ಅಕ್ಕ ಎಂದದ್ದೇ ತಡ, ಹೆಡ್ ಮೇಡಂ ಅವಳಿಗೆ ಮುಂದೆ ಬಾಯಿ ತೆರೆಯಲು ಬಿಟ್ಟರೆ ತಾನೆ!

“ಓ, ನೀರು ಹಾಕ್ತಿದ್ದ ಅಕ್ಕ ನೀವೇನಾ? ದೇವರು ಕಳಿಸಿದ ಹಾಗೆ ಬಂದ್ರಿ. ಗಿಡ ಯಾಕೋ ಸಪ್ಪಗಿದೆ. ನಿಮ್ಮ ತಂಗೀನ ಕೇಳಿದ್ರೆ ಗೊಬ್ಬರ ಹಾಕಿ ಅಂದ್ರು. ಹಾಕ್ದೆ, ಇನ್ನೂ ಜಾಸ್ತಿ ಆಯ್ತು. ಬನ್ನಿ, ನೋಡಿ.”

ಗಾಜಿನ ಕೋಣೆಯ ಮೂಲೆಯಲ್ಲಿ ಗಿಡ ತಲೆ ಬಗ್ಗಿಸಿ ನಿಂತಿತ್ತು. ಕೆಳಗಿನ ಎರಡು ಎಲೆ ಹಳದಿ, ಒಂದರ ಅಂಚು ನೀರು ಕುಡಿದ ಕಾಗದದಂತೆ ಕಪ್ಪಾಗಿತ್ತು. ಎಲೆಗಳಿಗೆ ಹೊಳಪು ಬರಲೆಂದು ಯಾರೋ ಎಣ್ಣೆ ಸವರಿದ್ದರು. ಮಖಮಲ್ಲಿನ ಮೇಲೆಲ್ಲ ಜಿಡ್ಡು. ದೊಡ್ಡಕ್ಕನಿಗೆ ತಾನು ಯಾತಕ್ಕೆ ಬಂದೆ ಎಂಬುದೇ ಮರೆತುಹೋಯಿತು. ನೀಲಿ ಕುಂಡದೊಳಗೆ ಬೆರಳಿಟ್ಟಳು. ಬರೀ ತೋಟದ ಮಣ್ಣು, ಅಂಟಂಟಾದ ಕೆಸರು. ಪ್ರದರ್ಶನಕ್ಕೆಂದು ಕುಂಡ ಬದಲಾಯಿಸಿದಾಗ ಯಾರೋ ತುಂಬಿಸಿದ್ದಿರಬೇಕು.

“ಒಂದು ಹಳೆ ಹಾಸಿಗೆ ಬಟ್ಟೆ ಕೊಡಿ ಮೇಡಂ. ಕತ್ತರಿ ಬಿಸಿನೀರಲ್ಲಿ ಅದ್ದಿ ಕೊಡಿ. ಒಲೆ ಇದ್ದಿಲು ಇದೆಯಾ? ತೆಂಗಿನ ಸಿಪ್ಪೆ?”

ನೆಲದ ಮೇಲೆ ಬಟ್ಟೆ ಹಾಸಿ, ಕುಂಡ ಮಲಗಿಸಿ, ತಟ್ಟಿ ತಟ್ಟಿ ಗಿಡ ಬಿಡಿಸಿದಳು. ಮಗುವಿಗೆ ಸ್ನಾನ ಮಾಡಿಸುವವಳ ಹಾಗೆ ಬೇರುಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಎಳೆ ಎಳೆಯಾಗಿ ತೊಳೆದಳು. ಮೆತ್ತಗಾದ ಕಪ್ಪು ಬೇರು ಕತ್ತರಿಸಿ, ಗಾಯಕ್ಕೆ ಇದ್ದಿಲು ಮೆತ್ತಿದಳು. ಕಾಂಡದ ಉಬ್ಬಿದ ಗಾಯದ ಹತ್ತಿರ ಅವಳ ಹೆಬ್ಬೆರಳು ತಾನಾಗಿಯೇ ಹೋಗಿ ಹಿಡಿದುಕೊಂಡಿತು. ಒಂದು ಗಂಟೆ ಹೆಡ್ ಮೇಡಂ ಮೊಣಕಾಲ ಮೇಲೆ ಕೈಯಿಟ್ಟು ಸ್ಟೂಲಿನಲ್ಲಿ ಕೂತು ನೋಡುತ್ತಿದ್ದರು.

“ನಿಮ್ಮ ತಂಗಿ ಇದರ ಬೇರು ಮುಟ್ಟಿದ್ದನ್ನ ನಾನು ಒಂದು ದಿನಾನೂ ನೋಡ್ಲಿಲ್ಲ,” ಎಂದರು ಕೊನೆಗೆ. “ಆ ಅಜ್ಜನ ಹತ್ರ ಕೂತು ಕಲಿತಿದ್ದು ಯಾರು?”

ದೊಡ್ಡಕ್ಕ ಕೈ ಒರೆಸಿಕೊಂಡಳು. “ನಾನು ಮೇಡಂ.”

ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದರಲ್ಲಿ ಅವಳು ಹೇಳಿದ್ದು ಅಷ್ಟೇ. ಉಳಿದದ್ದನ್ನು ಅವರೇ ಕೇಳಿ ಕೇಳಿ ಹೊರಡಿಸಿದರು.

ಮುಂದಿನ ತಿಂಗಳ ಪತ್ರಿಕೆಯಲ್ಲಿ ಹೆಡ್ ಮೇಡಂ ತಮ್ಮ ಹೆಸರಿನಲ್ಲೇ ತಿದ್ದುಪಡಿ ಹಾಕಿದರು. ಬಹುಮಾನದ ರಿಬ್ಬನ್ನಿನ ಜೊತೆ ಗಿಡ ಲಾಂಡ್ರಿಗೆ ವಾಪಸ್ ಬಂತು. ದೊಡ್ಡಕ್ಕ ಪ್ಲಾಸ್ಟಿಕ್ ಗಿಡವನ್ನು ಕಸದ ಗಾಡಿಗೆ ಹಾಕಿ, ಹಾಲು ಗಾಜಿನ ಕಿಟಕಿಯನ್ನು ಮಖಮಲ್ ಗಿಡಕ್ಕೆ ಬಿಟ್ಟುಕೊಟ್ಟಳು. ನಾಲ್ಕು ತಿಂಗಳು ಅದು ಸಾಯುತ್ತದೋ ಬದುಕುತ್ತದೋ ಹೇಳುವಂತಿರಲಿಲ್ಲ. ಐದನೇ ತಿಂಗಳು ಅಂಗೈಯಷ್ಟು ಒಂದು ಕೆಂಚು ಎಲೆ ಬಿಟ್ಟಿತು.

ಪುಟ್ಟಿ ಸಂಘ ಬಿಟ್ಟಳು. ಅಕ್ಕನ ಫೋನ್ ಎತ್ತುವುದನ್ನೂ ಬಿಟ್ಟಳು. ಚಿಕ್ಕಮ್ಮನ ಮಗಳೊಬ್ಬಳು ಸಿಕ್ಕಾಗ, “ಏನಕ್ಕ, ಒಂದು ಎಲೆಗೋಸ್ಕರ ತಂಗಿ ಮಾನ ಕಳೆದುಬಿಟ್ಟೆಯಂತೆ? ಅವಳು ನಾಲ್ಕು ಜನರ ಮುಂದೆ ನಿಂತಿದ್ದು ನಿನಗೆ ಸಹಿಸೋಕಾಗ್ಲಿಲ್ವಂತೆ?” ಎಂದು ಕೇಳಿದಳು. ದೊಡ್ಡಕ್ಕನಿಗೆ ಮನೆಗೆ ಬಂದು ಕೂತ ಮೇಲೆ ಹತ್ತು ಉತ್ತರ ಹೊಳೆದವು. ಯಾರಿಗೆ ಹೇಳುವುದು?

ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಲಾಂಡ್ರಿಯ ಫೋನ್ ಬಡಿದುಕೊಂಡಿತು. ಪುಟ್ಟಿ. ಎದೆಯಲ್ಲಿ ಗಂಟು ಸಿಕ್ಕಿದೆ, ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ, ಗಂಡ ಊರಲ್ಲಿಲ್ಲ ಎಂದು ಅಳತೊಡಗಿದಳು. ದೊಡ್ಡಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅವಳು ಆ ಅಳುವನ್ನು ಆಲಿಸುತ್ತಿದ್ದಳು. ಬಿಕ್ಕು ಎಲ್ಲಿ ಬರುತ್ತಿದೆ, ಉಸಿರು ಎಲ್ಲಿ ಕಟ್ಟುತ್ತಿದೆ, ಆವತ್ತಿನ ಹಾಗೇ ಇದೆಯೋ, ಬೇರೆಯೋ ಎಂದು.

“ಎಲ್ಲಿ, ಎಷ್ಟು ಹೊತ್ತಿಗೆ ಹೇಳು. ಬರ್ತೀನಿ,” ಎಂದಳು.

ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಇಬ್ಬರೂ ಪಕ್ಕ ಪಕ್ಕ ಕೂತರು. ವಾರದ ನಂತರ ಅದೇ ಬೆಂಚಿನಲ್ಲಿ ಕೂತು ಪಡೆದ ವರದಿಯಲ್ಲಿ ಗಂಟು ಅಪಾಯದ್ದಲ್ಲ ಎಂದಿತ್ತು. ಪುಟ್ಟಿ ಅಲ್ಲೇ ಅವಳ ಭುಜಕ್ಕೆ ಹಣೆ ಹಚ್ಚಿದಳು. ದೊಡ್ಡಕ್ಕ ವರದಿಯನ್ನು ಕೈಗೆ ತೆಗೆದುಕೊಂಡು ಮೇಲಿನ ತಾರೀಖು, ಹೆಸರು, ಕೆಳಗಿನ ಸಹಿಯವರೆಗೂ ಒಂದೂ ಬಿಡದೆ ತಾನೇ ಓದಿದಳು. ಓದಿ ಮುಗಿದ ಮೇಲೆ, ಇಂಥದ್ದನ್ನೂ ಓದಿ ನೋಡಬೇಕಾಯಿತಲ್ಲ ಎಂದು ಅವಳಿಗೆ ಅಳು ಬಂತು.

ಬಸ್ಸಿನಲ್ಲಿ ಪುಟ್ಟಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು: “ಅಕ್ಕ, ಗಿಡ ಹೇಗಿದೆ?”

“ಚೆನ್ನಾಗಿದೆ.”

“ಒಂದು ದಿನ ಬಂದು ನೋಡ್ಲಾ?”

ದೊಡ್ಡಕ್ಕ ಟಿಕೆಟ್ಟನ್ನು ಬೆರಳಲ್ಲಿ ಮಡಿಸುತ್ತ, ಬಿಚ್ಚುತ್ತ ಕೂತಿದ್ದಳು. “ನಿನ್ನ ಸ್ಟಾಪ್ ಬಂತು,” ಎಂದಳು. ಪುಟ್ಟಿ ಇಳಿದು, ಕೆಳಗೆ ನಿಂತು ಕೈ ಬೀಸಿದಳು. ದೊಡ್ಡಕ್ಕನೂ ಕೈ ಎತ್ತಿದಳು. ಬಸ್ಸು ಹೊರಟಿತು. ಸಂಜೆಯ ಪಾಳಿಗೆ ಬರುವ ಕೊಳೆ ಬಟ್ಟೆಯ ಗಾಡಿಗಳು ಅವಳಿಗಾಗಿ ಕಾಯುತ್ತಿದ್ದವು.